ಕಡಲತಡಿಯ ಊರು, ವಿಸ್ಕಿಯ ಭಟ್ಟಿ: ಓಬನ್, ಟೋಬರ್ಮರಿ, ಐಲಾ, ಕ್ಯಾಂಬೆಲ್‌ಟೌನ್‌ಗಳಲ್ಲಿ ಯಾವುದು ನಿಮಗೆ?

ಬೇಸಿಗೆ ಸಮೀಪಿಸಿದಂತೆ ಸ್ಕಾಟ್ಲೆಂಡಿಗೆ ಹೊರಟವರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. ಮಗನ ಮನೆಗೋ ಮಗಳ ಮನೆಗೋ ಬ್ರಿಟನ್ನಿಗೆ ಬಂದಿರುವ ತಂದೆತಾಯಿಯರನ್ನು ಕರೆದುಕೊಂಡು ಹೊರಟವರದ್ದಂತೂ ಇದೇ ಪ್ರಶ್ನೆ: ಸಮುದ್ರದ ದಂಡೆಯ ಪುಟ್ಟ ಊರೊಂದರಲ್ಲಿ ಎರಡು ದಿನ ಇರಬೇಕು, ಅಲ್ಲೇ ಒಂದು ವಿಸ್ಕಿ ಡಿಸ್ಟಿಲರಿಯನ್ನೂ ಒಳಹೊಕ್ಕು ನೋಡಬೇಕು. ಓಬನ್ನಿಗೆ ಹೋಗುವುದೇ, ಮಲ್ ದ್ವೀಪದ ಟೋಬರ್ಮರಿಗೇ, ಐಲಾ ದ್ವೀಪಕ್ಕೇ, ಕ್ಯಾಂಬೆಲ್‌ಟೌನ್‌ಗೇ? ವೀಸಾ, ರಜೆ, ವಿಮಾನದ ಖರ್ಚು ಲೆಕ್ಕ ಹಾಕಿದವರು ಇನ್ನೊಂದನ್ನೂ ಸೇರಿಸುತ್ತಾರೆ: ಅಷ್ಟು ದೂರ ಏಕೆ, ಗೋವಾದಲ್ಲೇ ಒಂದಿದೆಯಲ್ಲ?

ಮೊದಲೇ ಹೇಳಿಬಿಡುತ್ತೇನೆ. ಬಾಟಲಿಯ ಮೇಲಿನ ಹೆಸರನ್ನು ನೋಡಿ ಊರನ್ನು ಆರಿಸಬೇಡಿ. ಹೆಸರಾಂತ ವಿಸ್ಕಿ ಬೆಂಗಳೂರಿನ ಅಂಗಡಿಯಲ್ಲೂ ಸಿಗುತ್ತದೆ. ಅಲ್ಲಿಗೇ ಹೋಗಿ ನೋಡಬೇಕಾದದ್ದು ಆ ಗೋಡೆಗಳ ಒಳಗೆ ನಿಜವಾಗಿ ಯಾವ ಕೆಲಸ ನಡೆಯುತ್ತದೆ ಎಂಬುದನ್ನು, ಮತ್ತು ಆ ಕೆಲಸದ ಸುತ್ತ ಬೆಳೆದ ಊರನ್ನು. ಈ ಎರಡರಲ್ಲಿ ಒಂದೊಂದು ಜಾಗವೂ ಬೇರೆ ಬೇರೆ.

ಯಾವುದನ್ನು ನೋಡಿ ಅಳೆಯುವುದು

ಸಿಂಗಲ್ ಮಾಲ್ಟ್ ಎಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ ಮಾಡಿದ ವಿಸ್ಕಿ. ಅದಕ್ಕೆ ಬೇಕಾದದ್ದು ಮೂರೇ ಸಾಮಗ್ರಿ: ಬಾರ್ಲಿ, ನೀರು, ಯೀಸ್ಟ್. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ, ಮೊಳಕೆ ಮುಂದುವರಿಯದಂತೆ ಗೂಡಿನಲ್ಲಿ ಒಣಗಿಸುತ್ತಾರೆ, ನುಚ್ಚು ಮಾಡುತ್ತಾರೆ. ನಮ್ಮಲ್ಲಿ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡುವವರಿಗೆ ಇಲ್ಲಿಯವರೆಗಿನ ಕೆಲಸ ಹೇಳಿಕೊಡಬೇಕಾಗಿಲ್ಲ. ಆಮೇಲೆ ಬಿಸಿನೀರಿನಲ್ಲಿ ಕದಡಿ ಸಿಹಿ ರಸ ತೆಗೆಯುವುದು, ಯೀಸ್ಟ್ ಹಾಕಿ ಹುದುಗಿಸುವುದು, ತಾಮ್ರದ ಹಂಡೆಯಲ್ಲಿ ಎರಡು ಸಲ, ಕೆಲವೆಡೆ ಮೂರು ಸಲ, ಭಟ್ಟಿ ಇಳಿಸುವುದು. ಕೊನೆಗೆ ಓಕ್ ಮರದ ಪೀಪಾಯಿ. ಕಾನೂನಿನ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಅದು ಕನಿಷ್ಠ 3 ವರ್ಷ ಪೀಪಾಯಿಯಲ್ಲಿ ಇರಲೇಬೇಕು, ಬಾಟಲಿಗೆ ಇಳಿಯುವಾಗ ಮದ್ಯಸಾರ ಕನಿಷ್ಠ ಶೇ. 40 ಇರಲೇಬೇಕು.

ಇಷ್ಟೂ ಹಂತಗಳು ಒಂದೇ ಆವರಣದಲ್ಲಿ ನಡೆಯುತ್ತವೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಬಹುಪಾಲು ಡಿಸ್ಟಿಲರಿಗಳಲ್ಲಿ ಹಾಗಿಲ್ಲ. ಮೊಳಕೆ ಬರಿಸಿದ ಬಾರ್ಲಿ ದೊಡ್ಡ ಕಾರ್ಖಾನೆಯಿಂದ ಲಾರಿಯಲ್ಲಿ ಬರುತ್ತದೆ. ಭಟ್ಟಿ ಇಳಿದ ದ್ರವ ಎಷ್ಟೋ ಕಡೆ ಟ್ಯಾಂಕರಿನಲ್ಲಿ ಒಳನಾಡಿನ ಗೋದಾಮಿಗೆ ಹೋಗಿ ಅಲ್ಲಿ ಪೀಪಾಯಿ ಸೇರುತ್ತದೆ. ಬಾಟಲಿ ತುಂಬುವುದು ಇನ್ನೊಂದು ಊರಿನಲ್ಲಿ. ಇದರಲ್ಲಿ ಮೋಸವೇನೂ ಇಲ್ಲ, ವಿಸ್ಕಿಯ ರುಚಿಯೂ ಕೆಡುವುದಿಲ್ಲ. ಆದರೆ ನೋಡಲೆಂದು ಹೋದವರಿಗೆ ಇದು ದೊಡ್ಡ ವ್ಯತ್ಯಾಸ. ಹಾಗಾಗಿ ನನ್ನ ಮೊದಲ ಅಳತೆಗೋಲು ಇದು: ಮೊಳಕೆ ಎಲ್ಲಿ, ಪೀಪಾಯಿ ಎಲ್ಲಿ, ಬಾಟಲಿ ಎಲ್ಲಿ?

ಎರಡನೆಯದು ಹೊಗೆ. ಬಾರ್ಲಿ ಒಣಗಿಸುವಾಗ ಪೀಟ್ ಸುಟ್ಟರೆ ಅದರ ಹೊಗೆ ಕಾಳಿಗೆ ಹಿಡಿಯುತ್ತದೆ, ಕೊನೆಯ ಗುಟುಕಿನವರೆಗೂ ಉಳಿಯುತ್ತದೆ. ಪೀಟ್ ಎಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಒತ್ತಿಕೊಂಡ ಸಸ್ಯರಾಶಿ. ಇಟ್ಟಿಗೆಯಂತೆ ಕಡಿದು ಒಣಗಿಸಿ ಸುಡುತ್ತಾರೆ. ಮರ, ಕಲ್ಲಿದ್ದಲು ಕಡಿಮೆ ಇದ್ದ ದ್ವೀಪಗಳಲ್ಲಿ ಅದೇ ಉರುವಲಾಗಿತ್ತು. ಹೊಗೆಯ ಪ್ರಮಾಣವನ್ನು ಮಾಲ್ಟಿನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ, ಹೊಗೆಯ ವಾಸನೆ ಕೊಡುವ ಫೀನಾಲ್ ದಶಲಕ್ಷಕ್ಕೆ ಎಷ್ಟು ಭಾಗ ಇದೆ ಎಂದು ಅಳೆಯುತ್ತಾರೆ. ಐಲಾದ ಡಿಸ್ಟಿಲರಿಗಳ ಪೈಕಿ ಬೋಮೋರ್‌ನಲ್ಲಿ ಅದು 25ರ ಆಸುಪಾಸು, ಆರ್ಡ್‌ಬೆಗ್‌ನಲ್ಲಿ 55ರ ಹತ್ತಿರ. ಹೊಗೆ ಒಗ್ಗದವರನ್ನು ಮೂರು ದಿನ ಐಲಾದಲ್ಲಿ ಇರಿಸುವುದು ಕ್ರೌರ್ಯ. ಅದನ್ನೇ ಅರಸುವವರಿಗೆ ಓಬನ್ ಸಪ್ಪೆ.

ಮೂರನೆಯದು ದಾರಿ. ಸ್ಕಾಟ್ಲೆಂಡಿನಲ್ಲಿ ಕುಡಿದು ವಾಹನ ಓಡಿಸುವ ಮಿತಿ 2014ರ ಡಿಸೆಂಬರಿನಿಂದ ಇಂಗ್ಲೆಂಡಿಗಿಂತ ಬಿಗಿಯಾಗಿದೆ: 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ. ಇಂಗ್ಲೆಂಡಿನಲ್ಲಿ ಅದು 80. ಎರಡು ಮೂರು ಮಾದರಿ ರುಚಿ ನೋಡಿದವರು ಚಾಲಕರ ಆಸನದಲ್ಲಿ ಕೂರಲೇಬಾರದು. ಓಡಿಸುವವರ ಪಾಲನ್ನು ಪುಟ್ಟ ಬಾಟಲಿಗೆ ತುಂಬಿ ಕೊಡುವ ಪದ್ಧತಿ ಹೆಚ್ಚಿನ ಡಿಸ್ಟಿಲರಿಗಳಲ್ಲಿದೆ. ಕೇಳಲು ಸಂಕೋಚ ಬೇಡ. ಭಾರತದ ಚಾಲನಾ ಪರವಾನಗಿ ಅಲ್ಲಿ 12 ತಿಂಗಳು ನಡೆಯುತ್ತದೆ, ರಸ್ತೆಯೂ ನಮ್ಮಂತೆ ಎಡಬದಿಯದೇ. ಆದರೂ ರೈಲು, ಬಸ್ಸು, ಹಡಗಿನಲ್ಲಿ ತಲುಪಬಹುದಾದ ಊರಿಗೆ ನನ್ನ ಲೆಕ್ಕದಲ್ಲಿ ಹೆಚ್ಚು ಅಂಕ.

ನಾಲ್ಕನೆಯದು ಜೊತೆಗಿರುವವರು. ಕುಡಿಯದ ತಾಯಿ, ಹತ್ತು ವರ್ಷದ ಮಗ, ಮೆಟ್ಟಿಲು ಹತ್ತಲಾರದ ತಂದೆ: ಇವರಿಗೆ ಆ ಊರಿನಲ್ಲಿ ಏನಿದೆ? ಅನೇಕ ಡಿಸ್ಟಿಲರಿಗಳು ಎಂಟು ವರ್ಷ ತುಂಬದ ಮಕ್ಕಳನ್ನು ಭಟ್ಟಿಯ ಭಾಗಕ್ಕೆ ಬಿಡುವುದಿಲ್ಲ. ರುಚಿ ನೋಡಲು 18 ತುಂಬಿರಬೇಕು. ಕಬ್ಬಿಣದ ಕಿರಿದಾದ ಮೆಟ್ಟಿಲುಗಳು ಬಹುತೇಕ ಎಲ್ಲೆಡೆ ಇವೆ.

ಹಣದ ವಿಷಯ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಒಳಗಿನ ಟಿಕೆಟ್ಟೇ ಇಲ್ಲಿ ಅಗ್ಗದ ಭಾಗ. ಸಾಮಾನ್ಯ ವೀಕ್ಷಣೆಗೆ 15ರಿಂದ 25 ಪೌಂಡ್ ಹಿಡಿದುಕೊಳ್ಳಿ. ಪೀಪಾಯಿಯಿಂದಲೇ ತೆಗೆದುಕೊಡುವ ಗೋದಾಮಿನ ವಿಶೇಷ ರುಚಿಗೆ ಅದರ ಹಲವು ಪಟ್ಟು. ನಿಜವಾದ ಖರ್ಚು ಬೇಸಿಗೆಯ ವಸತಿಯಲ್ಲಿದೆ, ದ್ವೀಪಗಳಲ್ಲಂತೂ ಕೊಠಡಿಗಳೇ ಕಡಿಮೆ.

ಓಬನ್: ಒಂದೇ ದಿನ ಇರುವವರಿಗೆ

ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಮೂರು ಗಂಟೆಗೆ ತುಸು ಮೇಲೆ ಓಬನ್. ದಾರಿಯುದ್ದಕ್ಕೂ ಸರೋವರ, ಗುಡ್ಡ, ಪಾಳುಬಿದ್ದ ಕೋಟೆ. ಹೋಗುವಾಗ ಎಡಬದಿಯ ಕಿಟಕಿ ಹಿಡಿಯಿರಿ. ನಿಲ್ದಾಣದಿಂದ ಡಿಸ್ಟಿಲರಿಗೆ ಕೆಲವೇ ನಿಮಿಷದ ನಡಿಗೆ. ಬೆಳಿಗ್ಗೆ ಹೊರಟು ಸಂಜೆ ಮರಳುವುದೂ ಆಗುತ್ತದೆ. ಆದರೆ ರೈಲುಗಳು ದಿನಕ್ಕೆ ಕೆಲವೇ ಇರುವುದರಿಂದ ಮೊದಲು ರೈಲಿನ ಸಮಯ ನೋಡಿ, ಆಮೇಲೆ ಡಿಸ್ಟಿಲರಿಯ ಟಿಕೆಟ್ ತೆಗೆದುಕೊಳ್ಳಿ.

ಸ್ಟೀವನ್‌ಸನ್ ಸಹೋದರರು 1794ರಲ್ಲಿ ಈ ಭಟ್ಟಿಯನ್ನು ಸ್ಥಾಪಿಸಿದಾಗ ಇಲ್ಲಿ ಹೇಳಿಕೊಳ್ಳುವಂಥ ಊರೇ ಇರಲಿಲ್ಲ. ಊರು ಅದರ ಸುತ್ತ ಬೆಳೆಯಿತು. ಹಿಂದೆ ಕಡಿದಾದ ಬಂಡೆ, ಮುಂದೆ ಬೀದಿ, ಆಚೆ ಬಂದರು. ಬೆಳೆಯಲು ಜಾಗವಿಲ್ಲದ ಕಾರಣ ಇಂದಿಗೂ ಎರಡೇ ಹಂಡೆ. ಡಿಯಾಜಿಯೊದಂಥ ಜಾಗತಿಕ ಕಂಪನಿಯ ಒಡೆತನದಲ್ಲಿದ್ದರೂ ಅದರ ಅತಿ ಚಿಕ್ಕ ಡಿಸ್ಟಿಲರಿಗಳಲ್ಲಿ ಇದೂ ಒಂದು. ಮರದ ಹುದುಗು ತೊಟ್ಟಿಗಳು, ಹಂಡೆಯ ಆವಿಯನ್ನು ತಣ್ಣೀರಿನ ತೊಟ್ಟಿಯೊಳಗಿನ ಸುರುಳಿ ಕೊಳವೆಯಲ್ಲಿ ಹಾಯಿಸಿ ತಂಪು ಮಾಡುವ ಹಳೆಯ ವಿಧಾನ: ಇವು ಇಲ್ಲಿ ನೋಡಬೇಕಾದವು. ವಿಸ್ಕಿಯಲ್ಲಿ ಹೊಗೆ ಎಲ್ಲೋ ದೂರದಲ್ಲಿ ಕಂಡಂತೆ ಅಷ್ಟೆ. ಕಿತ್ತಳೆ ಸಿಪ್ಪೆ, ಜೇನು, ಕೊನೆಯಲ್ಲಿ ತುಸು ಉಪ್ಪು. ಸಿಂಗಲ್ ಮಾಲ್ಟ್ ಮೊದಲ ಬಾರಿ ಕುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಡಿಮೆ.

ಮೊದಲ ಅಳತೆಗೋಲಿನಲ್ಲಿ ಮಾತ್ರ ಓಬನ್ ಸೋಲುತ್ತದೆ. ಮೊಳಕೆ ಹೊರಗಿನದು, ಬಾಟಲಿ ತುಂಬುವುದು ಹೊರಗೆ. ವೀಕ್ಷಣೆ ಅಚ್ಚುಕಟ್ಟಾಗಿ, ಗಡಿಯಾರಕ್ಕೆ ಸರಿಯಾಗಿ ನಡೆಯುತ್ತದೆ. ಮಾರ್ಗದರ್ಶಕರ ಜೊತೆ ನಿಂತು ಹತ್ತು ಪ್ರಶ್ನೆ ಕೇಳಬೇಕೆನ್ನುವವರಿಗೆ ಸಮಯ ಸಾಲದು. ಕುಟುಂಬಕ್ಕೆ ಮಾತ್ರ ಈ ಊರು ಹೇಳಿ ಮಾಡಿಸಿದ್ದು. ಗುಡ್ಡದ ಮೇಲೆ ರೋಮಿನ ಕಲೋಸಿಯಂ ಹೋಲುವ ಮೆಕೇಗ್ಸ್ ಟವರ್ ಇದೆ, ಅಲ್ಲಿಂದ ಕೊಲ್ಲಿ, ದ್ವೀಪಗಳು, ಸಂಜೆಯ ಹಡಗುಗಳು ಎಲ್ಲವೂ ಕಾಣುತ್ತವೆ. ಹಡಗುಕಟ್ಟೆಯಲ್ಲಿ ಅಂದಿನದೇ ಏಡಿ, ಸಿಗಡಿ, ಮಳಿ ಸಿಗುತ್ತವೆ. ಕರಾವಳಿಯ ಕನ್ನಡಿಗರಿಗೆ ಮಸಾಲೆಯ ಕೊರತೆ ಕಾಣಬಹುದು, ಮೀನಿನ ತಾಜಾತನದ ಬಗ್ಗೆ ದೂರು ಇರದು. ನಾಲ್ಕು ಊರುಗಳಲ್ಲಿ ಸಸ್ಯಾಹಾರಿಗಳಿಗೆ ಹೆಚ್ಚು ಆಯ್ಕೆ ಇರುವುದೂ ಓಬನ್ನಿನಲ್ಲೇ.

ಟೋಬರ್ಮರಿ: ಊರಿಗಾಗಿ ಹೋಗುವವರಿಗೆ

ಓಬನ್ನಿನಿಂದ ಹಡಗಿನಲ್ಲಿ ಐವತ್ತು ನಿಮಿಷ ಹೋದರೆ ಮಲ್ ದ್ವೀಪದ ಕ್ರೇಗ್‌ನ್ಯೂರ್. ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಕೊಲ್ಲಿಗೆ ಮುಖ ಮಾಡಿ ನಿಂತ ಕೆಂಪು, ಹಳದಿ, ನೀಲಿ ಮನೆಗಳ ಸಾಲು ಸ್ಕಾಟ್ಲೆಂಡಿನಲ್ಲಿ ಅತಿ ಹೆಚ್ಚು ಚಿತ್ರ ತೆಗೆಸಿಕೊಂಡ ಸಾಲುಗಳಲ್ಲಿ ಒಂದು. ಅದರ ಕೊನೆಯಲ್ಲಿ, ಗುಡ್ಡದ ಬುಡದಲ್ಲಿ 1798ರ ಡಿಸ್ಟಿಲರಿ. 1930ರಿಂದ ನಾಲ್ಕು ದಶಕ ಮುಚ್ಚಿಯೇ ಇದ್ದು ಮತ್ತೆ ತೆರೆದದ್ದು. ಇಲ್ಲಿ ಎರಡು ಬಗೆ ತಯಾರಾಗುತ್ತವೆ: ಹೊಗೆ ಇಲ್ಲದ ಟೋಬರ್ಮರಿ, ಹೊಗೆಯ ಲೆಡೈಗ್. ಹೊಗೆ ತನಗೆ ಒಗ್ಗುವುದೋ ಇಲ್ಲವೋ ಗೊತ್ತಿಲ್ಲದವರು ಒಂದೇ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಅದೇ ಇಲ್ಲಿಯ ದೊಡ್ಡ ಲಾಭ.

ಭಟ್ಟಿಯನ್ನೇ ನೋಡಲು ಹೊರಟವರಿಗೆ ಇದೊಂದಕ್ಕಾಗಿ ದ್ವೀಪ ದಾಟಿ ಎಂದು ಹೇಳಲಾರೆ. ಚಿಕ್ಕ ಆವರಣ, ಬೇಗ ಮುಗಿಯುತ್ತದೆ. ಆದರೆ ಮಕ್ಕಳಿದ್ದರೆ, ಹದ್ದು ಸೀಲ್ ನೋಡುವ ಆಸೆ ಇದ್ದರೆ, ಓಬನ್ ಮತ್ತು ಟೋಬರ್ಮರಿಯನ್ನು ಜೋಡಿಸಿ ಮೂರು ದಿನದ ಪ್ರವಾಸ ಮಾಡಿಕೊಳ್ಳಿ. ಕಾರು ಬೇಕಿಲ್ಲ.

ಐಲಾ: ಹೊಗೆಗೆ ಮನಸೋತವರಿಗೆ

ಮೂರು ಸಾವಿರದ ಆಸುಪಾಸು ಜನಸಂಖ್ಯೆಯ ದ್ವೀಪದಲ್ಲಿ ಹತ್ತರಷ್ಟು ಡಿಸ್ಟಿಲರಿಗಳು. ಗ್ಲಾಸ್ಗೋದಿಂದ ಬಸ್ಸಿನಲ್ಲಿ ಮೂರು ಗಂಟೆಗೂ ಮಿಕ್ಕಿ ಪ್ರಯಾಣಿಸಿ ಕೆನ್ನಕ್ರೇಗ್, ಅಲ್ಲಿಂದ ಹಡಗಿನಲ್ಲಿ ಎರಡು ಗಂಟೆಗೂ ಹೆಚ್ಚು. ಇಲ್ಲವೇ ಮುಕ್ಕಾಲು ಗಂಟೆಯ ಪುಟ್ಟ ವಿಮಾನ. ಗಾಳಿ ಎದ್ದರೆ ಹಡಗೂ ನಿಲ್ಲುತ್ತದೆ, ಮಂಜು ಕವಿದರೆ ವಿಮಾನವೂ ನಿಲ್ಲುತ್ತದೆ. ಮರಳಿ ಭಾರತಕ್ಕೆ ಹಾರುವ ಹಿಂದಿನ ದಿನದವರೆಗೆ ಐಲಾದಲ್ಲಿ ಇರುವ ಯೋಜನೆ ಮಾಡಬೇಡಿ.

ಇಲ್ಲಿ ಎಲ್ಲವನ್ನೂ ನೋಡುವ ಆಸೆಯೇ ಪ್ರವಾಸವನ್ನು ಕೆಡಿಸುವುದು. ದಿನಕ್ಕೆ ಮೂರು ಡಿಸ್ಟಿಲರಿ ಎಂದು ಓಡುವವರಿಗೆ ಎರಡನೆಯ ದಿನಕ್ಕೆ ನಾಲಿಗೆಯೂ ಉಳಿಯುವುದಿಲ್ಲ, ನೆನಪೂ ಉಳಿಯುವುದಿಲ್ಲ. ನನ್ನ ಸಲಹೆ ಎರಡು, ಹೆಚ್ಚೆಂದರೆ ಮೂರು.

ಕಡಲತಡಿಯ ಊರು ಮತ್ತು ಭಟ್ಟಿ ಎರಡೂ ಒಟ್ಟಿಗೆ ಬೇಕೆಂದರೆ ಬೋಮೋರ್. 1779ರದ್ದು. ಊರಿನ ಮುಖ್ಯ ಬೀದಿ ಮೇಲೆ ದುಂಡನೆಯ ಚರ್ಚಿನಿಂದ ಶುರುವಾಗಿ ಕೆಳಗೆ ಕಡಲಿಗೆ ಇಳಿಯುತ್ತದೆ. ದೆವ್ವ ಅಡಗಲು ಮೂಲೆಯೇ ಇರಬಾರದೆಂದು ಚರ್ಚನ್ನು ದುಂಡಗೆ ಕಟ್ಟಿದರೆಂದು ಊರವರು ಹೇಳುತ್ತಾರೆ. ಡಿಸ್ಟಿಲರಿಯ ಗೋಡೆಗೆ ಅಲೆ ಬಡಿಯುತ್ತದೆ. ನಂಬರ್ ಒನ್ ವಾಲ್ಟ್ಸ್ ಎಂಬ ಹಳೆಯ ಗೋದಾಮು ಸಮುದ್ರಮಟ್ಟಕ್ಕಿಂತ ಕೆಳಗಿದೆ, ಪೀಪಾಯಿಗಳ ನಡುವೆ ತೇವ, ಉಪ್ಪು, ಮರದ ವಾಸನೆ ಬೆರೆತು ನಿಂತಿರುತ್ತದೆ. ತನಗೆ ಬೇಕಾದ ಬಾರ್ಲಿಯ ಒಂದು ಪಾಲನ್ನು ಇಂದಿಗೂ ನೆಲದ ಮೇಲೆ ಹರಡಿ ಮರದ ಸಲಿಕೆಯಿಂದ ತಿರುವಿ ಮೊಳಕೆ ಬರಿಸುತ್ತಾರೆ. ಪಕ್ಕದ ಹಳೆಯ ಗೋದಾಮು ಈಗ ಊರಿನ ಈಜುಕೊಳ. ಭಟ್ಟಿಯ ಬಿಸಿ ವ್ಯರ್ಥವಾಗದೆ ಆ ನೀರನ್ನು ಕಾಯಿಸುತ್ತದೆ. ಹೊರಗಿನವರೂ ಹೋಗಿ ಈಜಬಹುದಾದ ಕೊಳ ಇದು, ಮಕ್ಕಳನ್ನು ಕರೆತಂದವರು ನೆನಪಿಡಿ.

ಕಾಲಿಗೆ ಶಕ್ತಿ ಇದ್ದರೆ ದಕ್ಷಿಣದ ಪೋರ್ಟ್ ಎಲೆನ್‌ನಲ್ಲಿ ಉಳಿಯಿರಿ. ಅಲ್ಲಿಂದ ಲಫ್ರೋಯ್ಗ್, ಲಗಾವುಲಿನ್, ಆರ್ಡ್‌ಬೆಗ್ ಮೂರಕ್ಕೂ ರಸ್ತೆಯ ಪಕ್ಕದಲ್ಲೇ ಕಾಲುದಾರಿ ಇದೆ, ಒಟ್ಟು ಸುಮಾರು 5 ಕಿಲೋಮೀಟರ್. ವಾಹನದ ಚಿಂತೆಯಿಲ್ಲ. ದ್ವೀಪದ ಪಶ್ಚಿಮದ ಕಿಲ್‌ಹೋಮನ್ 2005ರದ್ದು, ಹೊಲದ ನಡುವಿನ ಭಟ್ಟಿ. ತಾನೇ ಬೆಳೆದ ಬಾರ್ಲಿಯಿಂದ ಮೊಳಕೆ, ಭಟ್ಟಿ, ಪೀಪಾಯಿ, ಬಾಟಲಿವರೆಗೆ ಎಲ್ಲವನ್ನೂ ಅಲ್ಲೇ ಮಾಡುವ ಒಂದು ವಿಸ್ಕಿ ಅದಕ್ಕಿದೆ. ರೈತ ಕುಟುಂಬದಿಂದ ಬಂದವರಿಗೆ ಇದು ಮನಮುಟ್ಟುತ್ತದೆ. ಆದರೆ ಅದು ಊರಲ್ಲ, ಬಸ್ಸೂ ಸುಲಭವಲ್ಲ.

ಮೇ ಕೊನೆಯ ವಾರದ ಫೇಶ್ ಈಲಾ ಹಬ್ಬಕ್ಕೆ ಜಗತ್ತಿನ ವಿಸ್ಕಿಪ್ರಿಯರೆಲ್ಲ ಇಲ್ಲಿಗೆ ಬರುತ್ತಾರೆ, ವಸತಿ ತಿಂಗಳುಗಳ ಮೊದಲೇ ತುಂಬಿರುತ್ತದೆ. ಮೊದಲ ಭೇಟಿಗೆ ಆ ವಾರ ಬೇಡ. ಸೆಪ್ಟೆಂಬರ್ ಒಳ್ಳೆಯದು. ಬೆಳಕು ಇನ್ನೂ ಇರುತ್ತದೆ, ಕಚ್ಚುವ ಮಿಡ್ಜ್ ಹುಳುಗಳ ಕಾಟ ಇಳಿದಿರುತ್ತದೆ.

ಐಲಾಕ್ಕೆ ಮೂರು ರಾತ್ರಿಗಿಂತ ಕಡಿಮೆ ಇಟ್ಟುಕೊಂಡು ಹೋಗಬೇಡಿ. ಅಷ್ಟು ಸಮಯ ಇಲ್ಲದಿದ್ದರೆ, ಮನೆಯವರಲ್ಲಿ ನಿಮ್ಮನ್ನು ಬಿಟ್ಟು ಯಾರಿಗೂ ವಿಸ್ಕಿಯ ಗೊಡವೆ ಇಲ್ಲದಿದ್ದರೆ, ಇದನ್ನು ಇನ್ನೊಂದು ವರ್ಷಕ್ಕೆ ಇಡಿ.

ಕ್ಯಾಂಬೆಲ್‌ಟೌನ್: ಕೆಲಸವನ್ನು ನೋಡಬೇಕೆನ್ನುವವರಿಗೆ

ನನ್ನ ಒಲವು ಇಲ್ಲಿದೆ, ಮುಚ್ಚಿಡುವುದಿಲ್ಲ.

ಕಿನ್‌ಟೈರ್ ಎಂಬ ಉದ್ದನೆಯ ನೆಲದ ನಾಲಿಗೆಯ ತುದಿಯಲ್ಲಿ ಒಂದು ಕೊಲ್ಲಿ, ಅದರ ಸುತ್ತ ಐದು ಸಾವಿರಕ್ಕೂ ಕಡಿಮೆ ಜನರ ಊರು. ಒಂದು ಕಾಲದಲ್ಲಿ ಇಲ್ಲಿ ಮೂವತ್ತಕ್ಕೂ ಹೆಚ್ಚು ಡಿಸ್ಟಿಲರಿಗಳಿದ್ದವು, ಜಗತ್ತಿನ ವಿಸ್ಕಿ ರಾಜಧಾನಿ ಎಂದು ಕರೆಸಿಕೊಂಡಿತ್ತು. 1920ರಲ್ಲಿ ಅಮೆರಿಕದ ಪಾನನಿಷೇಧ ಮಾರುಕಟ್ಟೆಯನ್ನು ಕಸಿಯಿತು. ಹತ್ತಿರದ ಕಲ್ಲಿದ್ದಲು ಗಣಿ ಮುಚ್ಚಿತು. ಬೇಡಿಕೆ ಏರಿದ್ದಾಗ ಅವಸರದಲ್ಲಿ ತಯಾರಿಸಿದ ಕಳಪೆ ಮಾಲು ಊರಿನ ಹೆಸರನ್ನೂ ಕೆಡಿಸಿತ್ತು. 1930ರ ದಶಕದ ನಡುವಿಗೆ ಉಳಿದದ್ದು ಎರಡೇ: 1828ರ ಸ್ಪ್ರಿಂಗ್‌ಬ್ಯಾಂಕ್, 1832ರ ಗ್ಲೆನ್ ಸ್ಕೋಶಿಯಾ. ಬಹುಕಾಲ ಮುಚ್ಚಿದ್ದ ಗ್ಲೆನ್‌ಗೈಲನ್ನು ಸ್ಪ್ರಿಂಗ್‌ಬ್ಯಾಂಕಿನ ಒಡೆಯರೇ 2004ರಲ್ಲಿ ಮತ್ತೆ ಆರಂಭಿಸಿದರು.

ಸ್ಪ್ರಿಂಗ್‌ಬ್ಯಾಂಕ್ ಇಂದಿಗೂ ಮಿಚೆಲ್ ಕುಟುಂಬದ ಕಂಪನಿಯದು. ತನಗೆ ಬೇಕಾದ ಬಾರ್ಲಿ ಅಷ್ಟನ್ನೂ ತನ್ನ ನೆಲದ ಮೇಲೇ ಮೊಳಕೆ ಬರಿಸುತ್ತದೆ. ಭಟ್ಟಿ ಅಲ್ಲೇ, ಪೀಪಾಯಿ ಅಲ್ಲೇ, ಬಾಟಲಿ ತುಂಬುವುದೂ ಅಲ್ಲೇ. ಮೊದಲ ಅಳತೆಗೋಲಿನ ಮೂರೂ ಪ್ರಶ್ನೆಗೆ ಒಂದೇ ಉತ್ತರ ಕೊಡುವ ಜಾಗ ಸ್ಕಾಟ್ಲೆಂಡಿನಲ್ಲಿ ತೀರಾ ವಿರಳ. ಮೊಳಕೆಯ ಮಹಡಿಯಲ್ಲಿ ಕಾಲಿಟ್ಟರೆ ಒದ್ದೆ ಧಾನ್ಯದ ವಾಸನೆ ಮೂಗಿಗೆ ಬರುತ್ತದೆ. ಹಂಡೆಮನೆಯಲ್ಲಿ ಮೊದಲ ಹಂಡೆಯ ಅಡಿಗೆ ನೇರವಾಗಿ ಬೆಂಕಿ ಉರಿಯುತ್ತದೆ, ಇತರೆಡೆ ಆವಿಯಿಂದ ಕಾಯಿಸುವ ಕಾಲದಲ್ಲೂ.

ಈ ಒಂದೇ ಮನೆಯಿಂದ ಮೂರು ಬೇರೆ ವಿಸ್ಕಿ ಹೊರಡುತ್ತವೆ. ಸ್ಪ್ರಿಂಗ್‌ಬ್ಯಾಂಕಿನ ಬಾರ್ಲಿಗೆ ಸುಮಾರು 6 ಗಂಟೆ ಪೀಟ್ ಹೊಗೆ, ಉಳಿದ ಹೊತ್ತು ಬರಿಯ ಬಿಸಿಗಾಳಿ. ಅದನ್ನು ಇಳಿಸುವುದು ಎರಡೂವರೆ ಸಲ, ಅಂದರೆ ಒಂದು ಪಾಲು ಎರಡು ಸಲ, ಇನ್ನೊಂದು ಪಾಲು ಮೂರು ಸಲ ಹಂಡೆ ಹಾಯುತ್ತದೆ. ಲಾಂಗ್‌ರೋ ಎಂಬುದಕ್ಕೆ 48 ಗಂಟೆಯವರೆಗೆ ಹೊಗೆ, ಎರಡು ಸಲ ಭಟ್ಟಿ. ಹೇಜಲ್‌ಬರ್ನ್‌ಗೆ ಹೊಗೆಯೇ ಇಲ್ಲ, ಮೂರು ಸಲ ಭಟ್ಟಿ. ಪುಸ್ತಕದಲ್ಲಿ ಓದಿದ್ದೆಲ್ಲ ಈ ಮೂರು ಲೋಟಗಳ ಮುಂದೆ ತಟ್ಟನೆ ಅರ್ಥವಾಗುತ್ತದೆ. ಹೊಗೆ ಎಷ್ಟು ಹಿಡಿದರೆ ಏನಾಗುತ್ತದೆ, ಇನ್ನೊಂದು ಸಲ ಇಳಿಸಿದರೆ ಏನಾಗುತ್ತದೆ ಎಂಬುದು ನಾಲಿಗೆಗೇ ಗೊತ್ತಾಗುತ್ತದೆ. ಕಲಿಯುವ ಹಸಿವಿರುವವರಿಗೆ ಇದಕ್ಕೆ ಸಮನಾದ ಒಂದು ಮಧ್ಯಾಹ್ನ ಬೇರೆಲ್ಲೂ ಸಿಗದು. ಇನ್ನೂ ಆಳಕ್ಕೆ ಹೋಗಬೇಕೆಂದರೆ ಅಲ್ಲಿಯ ವಿಸ್ಕಿ ಶಾಲೆ ಇದೆ: ಒಂದು ವಾರ ಹಣ ಕೊಟ್ಟು, ಕೆಲಸಗಾರರ ಜೊತೆ ನಿಂತು, ಬಾರ್ಲಿ ತಿರುವುವುದರಿಂದ ಬಾಟಲಿವರೆಗೆ ಕೈಯಾರೆ ಮಾಡುವುದು.

ಇನ್ನು ಕಷ್ಟಗಳು. ಗ್ಲಾಸ್ಗೋದಿಂದ ಬಸ್ಸಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು, ರಸ್ತೆ ತಿರುವುಗಳದ್ದು. ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಿ. ಪುಟ್ಟ ವಿಮಾನವೂ ಇದೆ. ಸ್ಪ್ರಿಂಗ್‌ಬ್ಯಾಂಕಿನ ವೀಕ್ಷಣೆ ಬೇಸಿಗೆಯಲ್ಲಿ ಬಹಳ ಮೊದಲೇ ತುಂಬುತ್ತದೆ. ಅಂಗಡಿಗೆ ಹೋದರೆ ಬೇಕಾದ ಬಾಟಲಿ ಸಿಗುತ್ತದೆಂಬ ಭರವಸೆ ಬೇಡ, ಅದರ ಬೇಡಿಕೆ ಉತ್ಪಾದನೆಗಿಂತ ಎಷ್ಟೋ ಹೆಚ್ಚು. ಊರು ಓಬನ್ನಿನಷ್ಟು ಸಿಂಗರಿಸಿಕೊಂಡಿಲ್ಲ, ಊಟದ ಆಯ್ಕೆ ಕಡಿಮೆ, ಸಸ್ಯಾಹಾರಿಗಳು ಅಡುಗೆಮನೆ ಇರುವ ವಸತಿ ಹಿಡಿಯುವುದು ಮೇಲು. ಆದರೂ ವಿಸ್ಕಿ ಮುಟ್ಟದವರಿಗೆ ಏನೂ ಇಲ್ಲವೆನ್ನಲಾಗದು. ಕಡಲು ಇಳಿದಾಗ ಕಲ್ಲುಹಾಸಿನ ಮೇಲೆ ಡವಾರ್ ದ್ವೀಪಕ್ಕೆ ನಡೆದು ಹೋಗಬಹುದು. ಅಲ್ಲಿಯ ಗುಹೆಯೊಂದರ ಗೋಡೆಯ ಮೇಲೆ ಸ್ಥಳೀಯ ಕಲಾವಿದ ಆರ್ಚಿಬಾಲ್ಡ್ ಮೆಕಿನ್ನನ್ 1887ರಲ್ಲಿ ಬರೆದ ಶಿಲುಬೆಯ ಚಿತ್ರವಿದೆ. ಉಬ್ಬರದ ಸಮಯ ನೋಡಿಕೊಂಡೇ ಹೊರಡಿ, ನೀರು ಏರಿದರೆ ಮರಳುವ ದಾರಿ ಮುಳುಗುತ್ತದೆ. 1913ರಲ್ಲಿ ತೆರೆದ ಪುಟ್ಟ ಚಿತ್ರಮಂದಿರವೂ ಈ ಊರಿನಲ್ಲಿದೆ.

ಗೋವಾದ ಆಯ್ಕೆ

ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಜಾನ್ ಡಿಸ್ಟಿಲರೀಸ್ ತನ್ನ ಪಾಲ್ ಜಾನ್ ಸಿಂಗಲ್ ಮಾಲ್ಟನ್ನು ತಯಾರಿಸುವುದು ದಕ್ಷಿಣ ಗೋವಾದ ಕುಂಕಳ್ಳಿಯಲ್ಲಿ. 2012ರಲ್ಲಿ ಅದು ಮೊದಲು ಮಾರುಕಟ್ಟೆ ಕಂಡದ್ದು ಬ್ರಿಟನ್ನಿನಲ್ಲಿ. ಅದಕ್ಕೂ ಮೊದಲೇ, 2004ರಲ್ಲಿ, ಬೆಂಗಳೂರಿನ ಅಮೃತ್ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿ ದಾರಿ ತೆರೆದಿತ್ತು. ಸ್ಕಾಚಿನ ತವರಿಗೆ ನಮ್ಮವರು ಹೋಗಿ ನಿಂತ ಈ ಕಥೆ ನನಗೆ ಹೆಮ್ಮೆಯದು.

ಕುಂಕಳ್ಳಿ ನೇರವಾಗಿ ಕಡಲತಡಿಯ ಊರಲ್ಲ, ಡಿಸ್ಟಿಲರಿ ಇರುವುದು ಕೈಗಾರಿಕಾ ಪ್ರದೇಶದಲ್ಲಿ. ಆದರೆ ಬೇತುಲ್, ಕಾವೆಲೊಸಿಮ್ ಕಡಲತೀರಗಳು ಹತ್ತಿರ, ಮಡಗಾಂವ್ ರೈಲು ನಿಲ್ದಾಣ ಹತ್ತಿರ, ಕಾರವಾರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ಕಾಣದ ಒಂದು ಸಂಗತಿ ಇಲ್ಲಿ ಕಾಣುತ್ತದೆ: ಸೆಖೆ ಪೀಪಾಯಿಗೆ ಏನು ಮಾಡುತ್ತದೆ ಎಂಬುದು. ತಂಪು ನಾಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾಗಿ ಹೋದರೆ ಗೋವಾದಲ್ಲಿ ಅದರ ನಾಲ್ಕು ಪಟ್ಟು ಹೋಗುತ್ತದೆ. ವಿಸ್ಕಿ ಬೇಗ ಪಕ್ವವಾಗುತ್ತದೆ, ಉಳಿಯುವುದು ಕಡಿಮೆ. ಅಲ್ಲಿಯ 12 ವರ್ಷಕ್ಕೂ ಇಲ್ಲಿಯ 6 ವರ್ಷಕ್ಕೂ ವಯಸ್ಸನ್ನಷ್ಟೇ ಇಟ್ಟು ಹೋಲಿಸಬಾರದೆಂಬುದು ಇಲ್ಲಿ ನಿಂತಾಗ ಅರ್ಥವಾಗುತ್ತದೆ. ಬಳಸುವುದು ತೆನೆಯಲ್ಲಿ ಕಾಳು ಆರು ಸಾಲಾಗಿ ಕಟ್ಟುವ ಭಾರತದ ಬಾರ್ಲಿ. ಹೊಗೆಯ ವಿಸ್ಕಿಗೆ ಬೇಕಾದ ಪೀಟನ್ನು ಮಾತ್ರ ಸ್ಕಾಟ್ಲೆಂಡಿನಿಂದ ತರಿಸುತ್ತಾರೆ.

ವೀಕ್ಷಣೆಗೆ ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋಗಿ. ಗೋವಾದಲ್ಲಿ ಕುಡಿಯುವ ವಯಸ್ಸು 21. ಭಾರತದಲ್ಲಿ ವಾಹನ ಚಾಲಕರ ಮಿತಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ, ಸ್ಕಾಟ್ಲೆಂಡಿಗಿಂತಲೂ ಬಿಗಿ. ಟ್ಯಾಕ್ಸಿಯಲ್ಲೇ ಹೋಗಿ. ಬಾಟಲಿ ಕೊಂಡು ಕಾರವಾರದ ಕಡೆ ಬರುವವರಿಗೆ ಮಾಜಾಳಿಯಲ್ಲಿ ಅಬಕಾರಿ ತಪಾಸಣೆ ಇದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವ ಸಾಹಸ ಬೇಡ. ಖರ್ಚಿನಲ್ಲಿ ಗೋವಾಕ್ಕೆ ಸಾಟಿಯಿಲ್ಲ. ಆದರೆ ಭಟ್ಟಿಯ ಸುತ್ತ ಇನ್ನೂರು ವರ್ಷ ಬೆಳೆದ ಊರನ್ನು ನೋಡುವ ಆಸೆ ನಿಮ್ಮದಾದರೆ ಅದು ಇಲ್ಲಿ ತೀರುವುದಿಲ್ಲ.

ಯಾರಿಗೆ ಯಾವುದು

ಗ್ಲಾಸ್ಗೋ ಅಥವಾ ಎಡಿನ್‌ಬರೋದಲ್ಲಿ ನಾಲ್ಕೈದು ದಿನ ಇದ್ದು, ಅದರಲ್ಲಿ ಒಂದನ್ನೋ ಎರಡನ್ನೋ ಇದಕ್ಕೆ ಕೊಡುವ ಕುಟುಂಬಕ್ಕೆ ಓಬನ್. ಅದರಲ್ಲಿ ನನಗೆ ಅನುಮಾನವಿಲ್ಲ. ವಯಸ್ಸಾದವರು ಜೊತೆಗಿದ್ದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ, ಒಂದೇ ದಿನದಲ್ಲಿ ಆರು ಗಂಟೆಗೂ ಹೆಚ್ಚು ರೈಲಿನಲ್ಲಿ ಕೂರುವುದು ಅವರಿಗೆ ದಣಿವು. ಇನ್ನೆರಡು ದಿನ ಸಿಕ್ಕರೆ ಟೋಬರ್ಮರಿ ಸೇರಿಸಿ.

ಗೆಳೆಯರ ಗುಂಪು, ಹೊಗೆಯ ವಿಸ್ಕಿಯೇ ಎಲ್ಲರ ಒಲವು, ಖರ್ಚು ಹಂಚಿಕೊಳ್ಳಲು ಸಿದ್ಧರಿದ್ದೀರಿ: ಐಲಾ. ಬಾಡಿಗೆ ಮನೆ ಹಿಡಿದರೆ ತಲೆಗೆ ಬೀಳುವ ಮೊತ್ತ ಹೋಟೆಲಿಗಿಂತ ಕಡಿಮೆಯಾಗುತ್ತದೆ, ಅನ್ನ ಸಾರು ಮಾಡಿಕೊಳ್ಳಲೂ ಆಗುತ್ತದೆ.

ಒಬ್ಬರೇ ಅಥವಾ ಇಬ್ಬರು, ವಿಸ್ಕಿ ಹೇಗೆ ಆಗುತ್ತದೆಂದು ನಿಜಕ್ಕೂ ತಿಳಿಯಬೇಕು: ಕ್ಯಾಂಬೆಲ್‌ಟೌನ್, ಎರಡು ರಾತ್ರಿ. ಐಲಾಕ್ಕೆ ಹೋಗುವ ಬಸ್ಸೂ ಕ್ಯಾಂಬೆಲ್‌ಟೌನಿನ ಬಸ್ಸೂ ಒಂದೇ ಮಾರ್ಗದ್ದಾದ್ದರಿಂದ, ವಾರವಿಡೀ ಬಿಡುವಿರುವವರು ಕೆನ್ನಕ್ರೇಗಿನಲ್ಲಿ ಕೊಂಡಿ ಹಾಕಿ ಎರಡನ್ನೂ ಮುಗಿಸಬಹುದು.

ಕಾಯ್ದಿರಿಸುವ ಕ್ರಮವೂ ಮುಖ್ಯ. ಮೊದಲು ಡಿಸ್ಟಿಲರಿಗೆ ಬರೆದು ನೀವು ಹೋಗುವ ವಾರ ಉತ್ಪಾದನೆ ನಡೆಯುತ್ತಿರುತ್ತದೆಯೇ ಎಂದು ಕೇಳಿ. ಯಂತ್ರಗಳ ದುರಸ್ತಿಗೆಂದು ಅನೇಕ ಕಡೆ ಬೇಸಿಗೆಯಲ್ಲೇ ಕೆಲವು ವಾರ ಭಟ್ಟಿ ನಿಲ್ಲಿಸುತ್ತಾರೆ. ವೀಕ್ಷಣೆ ಎಂದಿನಂತೆ ನಡೆಯುತ್ತದೆ, ಆದರೆ ಹಂಡೆ ತಣ್ಣಗಿರುತ್ತದೆ, ಹುದುಗು ತೊಟ್ಟಿ ಖಾಲಿ. ಉತ್ತರ ಬಂದ ಮೇಲೆ ವೀಕ್ಷಣೆಯ ಟಿಕೆಟ್, ಆಮೇಲೆ ಹಡಗು, ವಸತಿ ಕೊನೆಗೆ. ಐಲಾಕ್ಕೆ ಮಾತ್ರ ವಸತಿ ಮೊದಲು.

ಮರಳುವಾಗ ಒಬ್ಬ ವಯಸ್ಕರು ಭಾರತಕ್ಕೆ ಸುಂಕವಿಲ್ಲದೆ 2 ಲೀಟರ್ ಮದ್ಯ ತರಬಹುದು. ಶೇ. 70ಕ್ಕಿಂತ ಹೆಚ್ಚು ಮದ್ಯಸಾರ ಇರುವುದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಪೀಪಾಯಿಯಿಂದ ನೇರವಾಗಿ ತುಂಬಿದ ವಿಸ್ಕಿ ಸಾಮಾನ್ಯವಾಗಿ ಅದರ ಕೆಳಗೇ ಇರುತ್ತದೆ. ಸ್ಪ್ರಿಂಗ್‌ಬ್ಯಾಂಕಿನ ವೀಕ್ಷಣೆಗೆ ಜಾಗ ಸಿಗದಿದ್ದರೆ ಕ್ಯಾಂಬೆಲ್‌ಟೌನ್ ಪ್ರವಾಸವನ್ನೇ ಕೈಬಿಡಬೇಡಿ. ಗ್ಲೆನ್ ಸ್ಕೋಶಿಯಾದಲ್ಲಿ ನೂಕುನುಗ್ಗಲು ಕಡಿಮೆ, ಮತ್ತು ಸ್ಪ್ರಿಂಗ್‌ಬ್ಯಾಂಕಿನ ಒಡೆತನದಲ್ಲೇ ಇರುವ ಕೇಡನ್‌ಹೆಡ್ಸ್ ಅಂಗಡಿಯಲ್ಲಿ ವಿಚಾರಿಸಿದರೆ ಗೋದಾಮಿನ ರುಚಿಗೆ ಜಾಗ ಸಿಗುವ ಸಾಧ್ಯತೆ ಇದೆ.